ವೈಮಾನಿಕ ಚಿತ್ರ ನಕ್ಷೆಯ ಮೇಲೆ ಸರಿಯಾಗಿ ಕೂರದಿದ್ದರೆ: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ವಿಮಾನದಿಂದ ಅಥವಾ ಡ್ರೋನಿನಿಂದ ತೆಗೆದ ಚಿತ್ರವನ್ನು ನೆಲದ ಅಳತೆಗೆ ಹೊಂದಿಸುವ ತಂತ್ರಾಂಶಕ್ಕೆ ನಾಲ್ಕು ಸಂಗತಿಗಳು ತಿಳಿದಿರಬೇಕು. ಚಿತ್ರದ ಪ್ರತಿ ಸಾಲು ತೆಗೆದ ಕ್ಷಣದಲ್ಲಿ ಕ್ಯಾಮೆರಾ ಎಲ್ಲಿತ್ತು ಎಂಬುದನ್ನು ಜಿಪಿಎಸ್ ಹೇಳುತ್ತದೆ. ಅದು ಯಾವ ಕಡೆಗೆ ಎಷ್ಟು ವಾಲಿತ್ತು ಎಂಬುದನ್ನು ಐಎಂಯು (ವಾಲುವಿಕೆ ಅಳೆಯುವ ಉಪಕರಣ) ಹೇಳುತ್ತದೆ. ಪ್ರತಿ ಪಿಕ್ಸೆಲ್ ಯಾವ ಕೋನದಲ್ಲಿ ನೋಡುತ್ತದೆ ಎಂಬುದು ಕ್ಯಾಮೆರಾದ ಕ್ಯಾಲಿಬ್ರೇಷನ್ ಕಡತದಲ್ಲಿರುತ್ತದೆ. ಕೆಳಗಿನ ನೆಲದ ಎತ್ತರ ಡಿಇಎಂನಿಂದ, ಅಂದರೆ ನೆಲದ ಎತ್ತರದ ಅಂಕಿಗಳ ನಕ್ಷೆಯಿಂದ, ಬರುತ್ತದೆ. ಇವುಗಳಲ್ಲಿ ಒಂದು ತಪ್ಪಿದರೂ ತಂತ್ರಾಂಶ ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ. ಕೆಲಸ ಯಶಸ್ವಿಯಾಗಿ ಮುಗಿಯಿತೆಂದು ತೋರಿಸಿ, ತಪ್ಪು ಜಾಗದಲ್ಲಿ ಕೂತ ಚಿತ್ರವನ್ನು ಕೈಗಿಡುತ್ತದೆ.

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಚಿತ್ರಗಳೊಂದಿಗೆ ಕೆಲಸ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕೈಪಿಡಿಯನ್ನು ಬರೆಯಲಾಗಿದೆ. ಒಂದೊಂದೇ ಸಾಲಾಗಿ ನೆಲವನ್ನು ಓದುವ ಸ್ಕ್ಯಾನರ್ ಚಿತ್ರಗಳಿಗೆ ಪಾರ್ಜ್‌ನಂತಹ ತಂತ್ರಾಂಶವಿದೆ. ಡ್ರೋನಿನ ಬಿಡಿ ಫೋಟೋಗಳಿಗೆ ಮೆಟಾಶೇಪ್, ಓಪನ್‌ಡ್ರೋನ್‌ಮ್ಯಾಪ್ ಮುಂತಾದವು ಬಳಕೆಯಲ್ಲಿವೆ. ಗುಂಡಿಗಳ ಹೆಸರು ಬೇರೆಯಾದರೂ ದೋಷದ ಲಕ್ಷಣಗಳು ಎಲ್ಲ ಕಡೆಯೂ ಒಂದೇ. ಚಿತ್ರ ಎಷ್ಟು ಮೀಟರ್ ಸರಿದಿದೆ ಎಂಬ ಅಂಕಿಯೊಂದರಿಂದಲೇ ಕಾರಣ ಗೊತ್ತಾಗುವುದಿಲ್ಲ. ಆ ಸರಿತ ವಿಮಾನದ ದಿಕ್ಕಿನ ಜೊತೆ ಬದಲಾಗುತ್ತದೆಯೇ, ಎತ್ತರದ ಜೊತೆಯೇ, ವೇಗದ ಜೊತೆಯೇ, ಅಥವಾ ಯಾವುದರ ಜೊತೆಗೂ ಬದಲಾಗದೆ ಒಂದೇ ಕಡೆಗಿದೆಯೇ ಎಂಬುದನ್ನು ನೋಡಿದರೆ ಮಾತ್ರ ಮೂಲ ಸಿಗುತ್ತದೆ.

ಕೈ ಹಾಕುವ ಮೊದಲು

ಕಚ್ಚಾ ಚಿತ್ರ, ಜಿಪಿಎಸ್-ಐಎಂಯು ದಾಖಲೆ, ಬೇಸ್ ಸ್ಟೇಷನ್ (ನೆಲದ ಮೇಲೆ ಇಟ್ಟ ಜಿಪಿಎಸ್) ದಾಖಲೆ ಈ ಮೂರರ ಪ್ರತಿಯನ್ನು ಬೇರೆ ಡಿಸ್ಕಿಗೆ ಹಾಕಿ, ಅದನ್ನು ಓದಲು ಮಾತ್ರ ಬರುವಂತೆ ಬೀಗ ಹಾಕಿಡಬೇಕು. ಕೆಲವು ತಂತ್ರಾಂಶಗಳು ತಿದ್ದಿದ ಹೆಡರನ್ನು (ಚಿತ್ರದ ವಿವರಗಳ ಬರಹವನ್ನು) ಮೂಲ ಕಡತದ ಮೇಲೆಯೇ ಬರೆದುಬಿಡುತ್ತವೆ.

ಹೋಲಿಕೆಗೆ ಬೇಕಾದ ತಪಾಸಣೆ ಬಿಂದುಗಳನ್ನು ನೆಲಕ್ಕೆ ಅಂಟಿದ, ಅಂಚು ಸ್ಪಷ್ಟವಾದ ವಸ್ತುಗಳ ಮೇಲೆ ಆರಿಸಬೇಕು. ಭದ್ರಾ ನಾಲೆಯ ಸೇತುವೆಯ ಮೂಲೆ, ಮೋರಿಯ ಕಟ್ಟೆ, ಗುಡಿಯ ಮುಂದಿನ ಜಗಲಿಯ ಮೂಲೆ ಒಳ್ಳೆಯವು. ಸೂಳೆಕೆರೆಯ ನೀರಿನ ಅಂಚು ತಿಂಗಳಿಂದ ತಿಂಗಳಿಗೆ ಸರಿಯುತ್ತದೆ. ಗದ್ದೆಯ ಬದುವನ್ನು ಪ್ರತಿ ಹಂಗಾಮಿನಲ್ಲೂ ಕಡಿದು ಹೊಸದಾಗಿ ಕಟ್ಟುತ್ತಾರೆ. ಅಡಿಕೆ ಮರದ ತಲೆ ಗಾಳಿಗೆ ತೂಗುತ್ತದೆ. ಇವುಗಳ ಮೇಲೆ ಬಿಂದು ಇಟ್ಟು ತಂತ್ರಾಂಶವನ್ನು ದೂರಬಾರದು. ಬಿಂದುಗಳು ಪಟ್ಟಿಯ (ಒಂದು ಗೆರೆಯಲ್ಲಿ ಹಾರಿ ತೆಗೆದ ಉದ್ದ ಚಿತ್ರದ) ನಡುವೆಯೂ ಎರಡೂ ಅಂಚುಗಳಲ್ಲೂ ಇರಲಿ, ಏಕೆಂದರೆ ಮುಂದೆ ಹೇಳುವ ಪರೀಕ್ಷೆಗಳಲ್ಲಿ ಬಹುಪಾಲು ನಡುವಿಗೂ ಅಂಚಿಗೂ ಇರುವ ವ್ಯತ್ಯಾಸವನ್ನೇ ಅವಲಂಬಿಸಿವೆ.

ಇನ್ನೊಂದು ಮಾತು. ಚಿತ್ರ ಸರಿದಿದೆ ಎಂದು ಕಂಡ ಕೂಡಲೇ ಹತ್ತಿಪ್ಪತ್ತು ನೆಲದ ಬಿಂದುಗಳನ್ನು ಕೊಟ್ಟು ಚಿತ್ರವನ್ನು ಎಳೆದು ಕೂರಿಸುವ ರೂಢಿ ನಮ್ಮಲ್ಲಿ ಹೆಚ್ಚು. ಅಳತೆ ತಪ್ಪಿದ ಅಂಗಿಗೆ ಅಲ್ಲಲ್ಲಿ ಪಿನ್ನು ಚುಚ್ಚಿದಂತೆ, ಬಿಂದು ಕೊಟ್ಟ ಜಾಗದಲ್ಲಿ ಅದು ಸರಿಯಾಗಿ ಕಾಣುತ್ತದೆ, ನಡುವೆ ಎಲ್ಲೆಂದರಲ್ಲಿ ಸುಕ್ಕುಗಟ್ಟುತ್ತದೆ, ಮೂಲ ದೋಷ ಮಾತ್ರ ಹಾಗೇ ಉಳಿಯುತ್ತದೆ. ದೋಷ ಸಿಗುವವರೆಗೆ ಬಿಂದುಗಳನ್ನು ಅಳೆಯಲು ಮಾತ್ರ ಬಳಸಿ, ಎಳೆಯಲು ಬಳಸಬೇಡಿ.

ಲಕ್ಷಣ: ಚಿತ್ರ ನಕ್ಷೆಯಲ್ಲಿ ಕಾಣುವುದೇ ಇಲ್ಲ, ಅಥವಾ ಬೇರೆಲ್ಲೋ ಹೋಗಿ ಕೂತಿದೆ

ಇದು ಎಲ್ಲಕ್ಕಿಂತ ಗಾಬರಿ ಹುಟ್ಟಿಸುವ, ಎಲ್ಲಕ್ಕಿಂತ ಸುಲಭವಾಗಿ ಸರಿಹೋಗುವ ದೋಷ. ನಕ್ಷೆಯಲ್ಲಿ ಇಡೀ ಭೂಮಿ ಕಾಣುವವರೆಗೆ ಜೂಮ್ ಔಟ್ ಮಾಡಿ ಚಿತ್ರ ಎಲ್ಲಿಗೆ ಹೋಗಿದೆ ಎಂದು ನೋಡಿದರೆ ಉತ್ತರ ಅಲ್ಲೇ ಇರುತ್ತದೆ. ಚಿತ್ರದುರ್ಗವು ಸುಮಾರು 14.2 ಡಿಗ್ರಿ ಉತ್ತರ ಅಕ್ಷಾಂಶ, 76.4 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಚಿತ್ರ ಆರ್ಕ್ಟಿಕ್ ಕಡೆಯ ಸ್ವಾಲ್‌ಬಾರ್ಡ್ ದ್ವೀಪಗಳ ಬಳಿಯ ಸಮುದ್ರದಲ್ಲಿ ತೇಲುತ್ತಿದ್ದರೆ ಈ ಎರಡು ಅಂಕಿಗಳು ಅದಲುಬದಲಾಗಿವೆ. ಆಫ್ರಿಕದ ಪಶ್ಚಿಮಕ್ಕೆ, ಗಿನಿ ಕೊಲ್ಲಿಯಲ್ಲಿ ಬಿದ್ದಿದ್ದರೆ ಸ್ಥಾನದ ಕಾಲಂ ಖಾಲಿಯಾಗಿ ಸೊನ್ನೆ-ಸೊನ್ನೆ ಓದಿಕೊಂಡಿದೆ.

ಚಿತ್ರ ಬಂಗಾಳ ಕೊಲ್ಲಿಯ ಕಡೆಗೆ ಆರು ಡಿಗ್ರಿ ಜಿಗಿದಿದ್ದರೆ ಯುಟಿಎಂ (ಭೂಮಿಯನ್ನು ಆರಾರು ಡಿಗ್ರಿಯ ವಲಯಗಳಾಗಿ ಹಂಚುವ ನಕ್ಷೆ ಪದ್ಧತಿ) ವಲಯ ತಪ್ಪಿದೆ. ನಮ್ಮ ಎರಡೂ ಜಿಲ್ಲೆಗಳು 43ನೇ ಉತ್ತರ ವಲಯಕ್ಕೆ ಸೇರುತ್ತವೆ. ಇಪಿಎಸ್‌ಜಿ ಸಂಖ್ಯೆ (ತಂತ್ರಾಂಶಕ್ಕೆ ಕೊಡುವ ಗುರುತು) 32643. 44ನೇ ವಲಯ 78 ಡಿಗ್ರಿ ರೇಖಾಂಶದಿಂದ ಆಚೆಗೆ ಶುರುವಾಗುತ್ತದೆ. ಆಂಧ್ರದ ಕೆಲಸಕ್ಕೆಂದು ಮಾಡಿಟ್ಟ ಪ್ರಾಜೆಕ್ಟ್ ಕಡತವನ್ನೇ ನಕಲು ಮಾಡಿ ಮೊಳಕಾಲ್ಮೂರಿಗೆ ಬಳಸಿದಾಗ ಹೀಗಾಗುತ್ತದೆ.

ಸರಿತ ನೂರು ಮೀಟರಿಗೆ ಮೇಲ್ಪಟ್ಟಿದ್ದು, ಎಲ್ಲ ಪಟ್ಟಿಗಳೂ ಒಂದೇ ಕಡೆಗೆ ಸಮನಾಗಿ ಸರಿದಿದ್ದರೆ ಹೋಲಿಕೆಗೆ ಇಟ್ಟುಕೊಂಡ ನಕ್ಷೆಯನ್ನೇ ಮೊದಲು ಅನುಮಾನಿಸಬೇಕು. ಹಳೆಯ ಸರ್ವೇ ಟೋಪೋಶೀಟುಗಳು, ಅಂದರೆ ಚಿತ್ರದುರ್ಗದ 57ಬಿ ಮತ್ತು ದಾವಣಗೆರೆಯ 48ಎನ್ ಸರಣಿಯವು, ಎವರೆಸ್ಟ್ ಎಲಿಪ್ಸಾಯ್ಡನ್ನು (ಭೂಮಿಯ ಆಕಾರಕ್ಕೆ ಲೆಕ್ಕದಲ್ಲಿ ಇಟ್ಟುಕೊಂಡ ಚಪ್ಪಟೆ ಗೋಳವನ್ನು) ಆಧರಿಸಿವೆ. ಅವುಗಳನ್ನು ಸ್ಕ್ಯಾನ್ ಮಾಡಿ ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ಎಂದು ನಮೂದಿಸಿಬಿಟ್ಟಿದ್ದರೆ ನಿಮ್ಮ ಚಿತ್ರ ಸರಿಯಾಗಿದ್ದೂ ತಪ್ಪಾಗಿ ಕಾಣುತ್ತದೆ.

ಪಟ್ಟಿ ತನ್ನ ಹಾರಾಟದ ದಿಕ್ಕಿನಲ್ಲೇ ಒಂದು ಕಿಲೋಮೀಟರಿನಷ್ಟು ಮುಂದಕ್ಕೋ ಹಿಂದಕ್ಕೋ ಹೋಗಿದ್ದರೆ ಅದು ಗಡಿಯಾರದ ದೋಷ. ಜಿಪಿಎಸ್ ಸಮಯವು ಯುಟಿಸಿಗಿಂತ (ಜಗತ್ತಿನ ಪ್ರಮಾಣ ಸಮಯಕ್ಕಿಂತ) 18 ಸೆಕೆಂಡು ಮುಂದಿದೆ; 2017ರ ಜನವರಿ 1ರಿಂದ ಈ ಅಂತರ ಬದಲಾಗಿಲ್ಲ. ಸೆಕೆಂಡಿಗೆ 60 ಮೀಟರ್ ವೇಗದ ವಿಮಾನದಲ್ಲಿ 18 ಸೆಕೆಂಡೆಂದರೆ 1080 ಮೀಟರ್. ಕ್ಯಾಮೆರಾ ಯುಟಿಸಿಯಲ್ಲೂ ಐಎಂಯು ಜಿಪಿಎಸ್ ಸಮಯದಲ್ಲೂ ಬರೆಯುತ್ತಿದ್ದರೆ ತಂತ್ರಾಂಶದಲ್ಲಿ ಆ ಅಂತರವನ್ನು ನಮೂದಿಸಬೇಕು. ಹಾರಾಟದ ದಾಖಲೆಗೂ ಚಿತ್ರಕ್ಕೂ ಸಮಯವೇ ಕೂಡುವುದಿಲ್ಲ ಎಂಬ ಸಂದೇಶ ಬಂದರೆ, ವ್ಯತ್ಯಾಸ 19,800 ಸೆಕೆಂಡಿದೆಯೇ ಎಂದು ಕಳೆದು ನೋಡಿ. ಅದು ಐದೂವರೆ ಗಂಟೆ. ಯಾರೋ ಕ್ಯಾಮೆರಾಕ್ಕೆ ನಮ್ಮ ಕೈಗಡಿಯಾರದ ಸಮಯ ಕೊಟ್ಟಿದ್ದಾರೆ.

ಚಿತ್ರ ಹೆಚ್ಚೂಕಡಿಮೆ ತನ್ನ ಜಾಗದಲ್ಲೇ ಇದ್ದು, ಒಂದು ಮೂಲೆಯನ್ನು ಹಿಡಿದು ತಿರುಗಿಸಿದಂತೆ ಕೂತಿದ್ದರೆ ಹೆಡರ್ ಕಡತವನ್ನು ಸಾದಾ ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ‘ಮ್ಯಾಪ್ ಇನ್ಫೋ’ ಸಾಲನ್ನು ಓದಿ. ಆ ಸಾಲಿನ ಕೊನೆಗೆ ‘ರೊಟೇಷನ್’ ಎಂದು ಒಂದು ಕೋನ ಇದ್ದರೆ, ಚಿತ್ರವನ್ನು ಉತ್ತರಕ್ಕೆ ಮುಖ ಮಾಡಿಸದೆ ಹಾರಾಟದ ದಿಕ್ಕಿನಲ್ಲೇ ಉಳಿಸಲಾಗಿದೆ ಎಂದರ್ಥ. ಚಿತ್ರ ಕೆಟ್ಟಿಲ್ಲ, ನೀವು ಅದನ್ನು ತೆರೆದ ತಂತ್ರಾಂಶ ಆ ಕೋನವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಲಕ್ಷಣ: ನೇರವಾದ ರಸ್ತೆ, ನಾಲೆ ಅಲೆ ಅಲೆಯಾಗಿವೆ

ಸ್ಕ್ಯಾನರಿನ ಕಚ್ಚಾ ಚಿತ್ರದಲ್ಲಿ ರಾಷ್ಟ್ರೀಯ ಹೆದ್ದಾರಿ 48 ಹಾವಿನಂತೆ ಹರಿದಿದ್ದರೆ ಅದು ದೋಷವಲ್ಲ. ವಿಮಾನ ಎಡಬಲಕ್ಕೆ ವಾಲಿದಾಗಲೆಲ್ಲ ಸಾಲು ಅಷ್ಟಷ್ಟು ಪಕ್ಕಕ್ಕೆ ಸರಿಯುತ್ತದೆ. ನೆಲದಿಂದ 1000 ಮೀಟರ್ ಎತ್ತರದಲ್ಲಿ 2 ಡಿಗ್ರಿ ವಾಲಿದರೆ ಸುಮಾರು 35 ಮೀಟರ್. ತಿದ್ದಿದ ಮೇಲೆಯೂ ಅಲೆ ಉಳಿದಿದ್ದರೆ ಮಾತ್ರ ಚಿಂತಿಸಬೇಕು. ಆಗ ಕಚ್ಚಾ ಚಿತ್ರವನ್ನೂ ತಿದ್ದಿದ ಚಿತ್ರವನ್ನೂ ಅಕ್ಕಪಕ್ಕ ಇಟ್ಟು, ಅಲೆ ಎಲ್ಲಿ ಉಳಿದಿದೆ ಎಂದು ಗಮನಿಸಬೇಕು.

ತಿದ್ದಿದ ಮೇಲೆ ಅಲೆ ಎರಡರಷ್ಟಾಗಿದ್ದರೆ ರೋಲ್ ಕೋನದ, ಅಂದರೆ ಎಡಬಲ ವಾಲುವಿಕೆಯ, ಚಿಹ್ನೆ ತಿರುಗಿದೆ. ಕೆಲವು ಐಎಂಯುಗಳು ಬಲರೆಕ್ಕೆ ಕೆಳಗಾದರೆ ಧನ ಎನ್ನುತ್ತವೆ, ಕೆಲವು ಋಣ ಎನ್ನುತ್ತವೆ. ತಂತ್ರಾಂಶದಲ್ಲಿ ಚಿಹ್ನೆ ಬದಲಿಸಿ ಮತ್ತೆ ಓಡಿಸಿದರೆ ಸಾಕು. ಚಿಹ್ನೆ ಸರಿಯಿದ್ದೂ ರಸ್ತೆ ಎಡದಿಂದ ಬಲಕ್ಕೆ ಕನ್ನಡಿಯಲ್ಲಿ ನೋಡಿದಂತಿದ್ದರೆ, ಪಿಕ್ಸೆಲ್‌ಗಳ ಎಣಿಕೆ ಯಾವ ಅಂಚಿನಿಂದ ಶುರುವಾಗುತ್ತದೆ ಎಂಬ ಆಯ್ಕೆ ತಪ್ಪಿದೆ.

ಸೂಕ್ಷ್ಮವಾದ ಪ್ರಕರಣ ಇನ್ನೊಂದಿದೆ. ಅಲೆ ಬಹುಪಾಲು ಹೋಗಿ, ಸಣ್ಣ ನಡುಕ ಉಳಿದಿರುತ್ತದೆ. ಉಳಿದ ನಡುಕವು ಕಚ್ಚಾ ಅಲೆಯ ತುದಿಗಳಲ್ಲೇ, ಅಂದರೆ ವಿಮಾನ ಅತಿ ಹೆಚ್ಚು ವಾಲಿದ ಕಡೆಯಲ್ಲೇ ದೊಡ್ಡದಾಗಿದ್ದರೆ ಕೋನದ ಅಳತೆಯಲ್ಲಿ ಅಥವಾ ಹಾರಾಟದ ಎತ್ತರದಲ್ಲಿ ತಪ್ಪಿದೆ. ಹಾಗಲ್ಲದೆ, ವಿಮಾನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳುವ ನಡುವಿನ ಕ್ಷಣದಲ್ಲಿ ದೊಡ್ಡದಾಗಿದ್ದರೆ ಚಿತ್ರಕ್ಕೂ ಐಎಂಯುಗೂ ಸಮಯದ ಅಂತರವಿದೆ. ಮೇಲೆ ಹೇಳಿದ 35 ಮೀಟರಿನ ಅಲೆ 4 ಸೆಕೆಂಡಿಗೊಮ್ಮೆ ಬರುತ್ತಿದ್ದರೆ, ಬರೀ 0.05 ಸೆಕೆಂಡಿನ ವಿಳಂಬವೂ ಎರಡೂವರೆ ಮೀಟರಿಗಿಂತ ಹೆಚ್ಚಿನ ನಡುಕ ಉಳಿಸುತ್ತದೆ. ಬೇಸಿಗೆಯ ಮಧ್ಯಾಹ್ನ ಬಯಲುಸೀಮೆಯ ಮೇಲೆ ಹಾರಿದ ಪಟ್ಟಿಗಳಲ್ಲಿ ಇದು ಎದ್ದು ಕಾಣುತ್ತದೆ, ಬೆಳಗಿನ ತಣ್ಣನೆಯ ಗಾಳಿಯಲ್ಲಿ ಹಾರಿದವುಗಳಲ್ಲಿ ಅಡಗಿರುತ್ತದೆ. ಹಾಗಾಗಿ ಸಮಯದ ಅಂತರವನ್ನು ಅಂದಾಜು ಮಾಡಲು ಅತಿ ಹೆಚ್ಚು ಅಲುಗಿದ ಪಟ್ಟಿಯನ್ನೇ ಆರಿಸಿಕೊಳ್ಳಬೇಕು.

ಉತ್ತರಕ್ಕೆ ಹಾರಿದ ಪಟ್ಟಿಯಲ್ಲಿ ಮಾತ್ರ, ಅಲ್ಲೊಂದು ಇಲ್ಲೊಂದು ಸಾಲು ಪೂರ್ತಿ ಹಿಂದುಮುಂದಾಗಿ ಬಿದ್ದಿದ್ದರೆ ಐಎಂಯು ಕೆಟ್ಟಿದೆ ಎಂದು ತಿಳಿಯಬೇಡಿ. ಹೆಡಿಂಗ್ (ಮೂತಿ ಉತ್ತರದಿಂದ ತಿರುಗಿರುವ ಕೋನ) 359 ಡಿಗ್ರಿಯಿಂದ 1 ಡಿಗ್ರಿಗೆ ಹೋಗುವಾಗ ತಂತ್ರಾಂಶ ಅವೆರಡರ ಸರಾಸರಿ ತೆಗೆದು 180 ಎಂದುಕೊಂಡಿದೆ. ಹೆಡಿಂಗನ್ನು 0–360ರ ಬದಲು −180ರಿಂದ +180ರ ಕ್ರಮಕ್ಕೆ ಬದಲಿಸಿ ಕೊಟ್ಟರೆ ಸರಿಹೋಗುತ್ತದೆ. ದಕ್ಷಿಣಕ್ಕೆ ಹಾರಿದ ಪಟ್ಟಿಗಳಿಗೆ ಹಾಗೆ ಮಾಡಬಾರದು, ಅಲ್ಲಿ ಅದೇ ತೊಂದರೆ ಹೊಸದಾಗಿ ಹುಟ್ಟುತ್ತದೆ.

ಲಕ್ಷಣ: ಅಕ್ಕಪಕ್ಕದ ಪಟ್ಟಿಗಳು ಒಂದಕ್ಕೊಂದು ಕೂಡುವುದಿಲ್ಲ

ನಿಜವಾದ ರೋಗಪರೀಕ್ಷೆ ನಡೆಯುವುದು ಇಲ್ಲಿ. ಒಂದು ಪಟ್ಟಿ ಉತ್ತರಕ್ಕೆ, ಪಕ್ಕದ್ದು ದಕ್ಷಿಣಕ್ಕೆ ಹಾರಿದ್ದೆಂದು ಇಟ್ಟುಕೊಳ್ಳೋಣ. ಎರಡೂ ಪಟ್ಟಿಗಳ ನಡುಭಾಗದ ಬಿಂದುಗಳಲ್ಲಿ ತಪ್ಪು ಯಾವ ಕಡೆಗಿದೆ ಎಂದು ಬಾಣ ಹಾಕಿ ಕಾಗದದ ಮೇಲೆ ಬರೆದುಕೊಳ್ಳಿ. ಪರದೆಯ ಮೇಲೆ ಎಷ್ಟು ಹೊತ್ತು ದಿಟ್ಟಿಸಿದರೂ ತಿಳಿಯದ್ದು ಆ ಬಾಣಗಳಲ್ಲಿ ತಿಳಿಯುತ್ತದೆ.

ಎರಡೂ ಪಟ್ಟಿಗಳ ಬಾಣ ನಕ್ಷೆಯಲ್ಲಿ ಒಂದೇ ಕಡೆಗಿದ್ದರೆ, ಉದಾಹರಣೆಗೆ ಎರಡೂ ಈಶಾನ್ಯಕ್ಕೆ ಮೂರು ಮೀಟರಿದ್ದರೆ, ತಪ್ಪು ವಿಮಾನದಲ್ಲಿಲ್ಲ, ನೆಲದಲ್ಲಿದೆ. ಬೇಸ್ ಸ್ಟೇಷನ್ನಿನ ಸ್ಥಾನವನ್ನು ಪಕ್ಕಾ ಅಳೆಯದೆ, ಯಂತ್ರ ತಾನೇ ತೋರಿಸಿದ ಅಂದಾಜು ಸ್ಥಾನವನ್ನು ಒಪ್ಪಿಕೊಂಡಾಗ ಇಂತಹ ಕೆಲವು ಮೀಟರುಗಳ ತಪ್ಪು ಬರುತ್ತದೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಕಾರ್ಸ್ (ಸದಾ ನಡೆಯುವ ಜಿಪಿಎಸ್ ನಿಲ್ದಾಣಗಳ) ಜಾಲದ ದತ್ತಾಂಶದಿಂದ ಬೇಸ್ ಬಿಂದುವನ್ನು ಮತ್ತೆ ಲೆಕ್ಕ ಹಾಕಿ ಹಾರಾಟದ ಹಾದಿಯನ್ನು ಮರುಸಂಸ್ಕರಿಸಿದರೆ ಸಾಕು. ಮತ್ತೆ ಹಾರಬೇಕಾಗಿಲ್ಲ.

ಬಾಣಗಳು ಹಾರಾಟದ ದಿಕ್ಕಿನ ಜೊತೆ ತಿರುಗಿದ್ದರೆ ತಪ್ಪು ವಿಮಾನದೊಳಗಿದೆ. ಉತ್ತರಕ್ಕೆ ಹಾರಿದ್ದು ಪೂರ್ವಕ್ಕೆ, ದಕ್ಷಿಣಕ್ಕೆ ಹಾರಿದ್ದು ಪಶ್ಚಿಮಕ್ಕೆ ಸರಿದಿದ್ದರೆ ಎರಡೂ ತಮ್ಮ ತಮ್ಮ ಬಲಕ್ಕೆ ಸರಿದಿವೆ ಎಂದಾಯಿತು. ಇದು ರೋಲ್ ಬೋರ್‌ಸೈಟ್ ತಪ್ಪು. ಕ್ಯಾಮೆರಾವನ್ನೂ ಐಎಂಯುವನ್ನೂ ಒಂದೇ ಫಲಕಕ್ಕೆ ಬಿಗಿದಿದ್ದರೂ ಅವುಗಳ ನಡುವೆ ಅತಿ ಸಣ್ಣ ಕೋನ ಇದ್ದೇ ಇರುತ್ತದೆ, ಅದಕ್ಕೆ ಬೋರ್‌ಸೈಟ್ ಎನ್ನುತ್ತಾರೆ. 1000 ಮೀಟರ್ ಎತ್ತರದಲ್ಲಿ 0.1 ಡಿಗ್ರಿ ತಪ್ಪಿದರೆ ಒಂದೊಂದು ಪಟ್ಟಿಯೂ 1.75 ಮೀಟರ್ ಸರಿದು, ಎರಡರ ನಡುವೆ ಮೂರೂವರೆ ಮೀಟರ್ ಅಂತರ ಕಾಣುತ್ತದೆ.

ಎರಡೂ ಪಟ್ಟಿಗಳು ತಮ್ಮ ತಮ್ಮ ಮುಂದಕ್ಕೆ ಸರಿದಿದ್ದರೆ ಕಾರಣ ಪಿಚ್ (ಮೂತಿ ಮೇಲೆ-ಕೆಳಗಾಗುವ ಕೋನ) ಇರಬಹುದು, ಸಮಯದ ಅಂತರವಿರಬಹುದು, ಜಿಪಿಎಸ್ ಆಂಟೆನಾದಿಂದ ಕ್ಯಾಮೆರಾಕ್ಕೆ ಇರುವ ದೂರವನ್ನು ತಪ್ಪಾಗಿ ಕೊಟ್ಟಿರಬಹುದು. ಮೂರೂ ಒಂದೇ ವೇಷದಲ್ಲಿ ಬರುತ್ತವೆ. ಬೇರೆ ಎತ್ತರದಲ್ಲಿ ಹಾರಿದ ಪಟ್ಟಿ ಇದ್ದರೆ ಅದನ್ನು ತೆಗೆದು ನೋಡಿ: ಎತ್ತರದೊಂದಿಗೆ ತಪ್ಪೂ ಹೆಚ್ಚಿದರೆ ಪಿಚ್. ಎತ್ತರಕ್ಕೆ ಬದಲಾಗದೆ ವೇಗಕ್ಕೆ ಬದಲಾದರೆ ಸಮಯ. ಎದುರುಗಾಳಿಯಲ್ಲಿ ಹಾರಿದ ಪಟ್ಟಿಗೂ ಗಾಳಿಯ ಜೊತೆ ಹಾರಿದ ಪಟ್ಟಿಗೂ ನೆಲದ ವೇಗ ಬೇರೆಯಿರುವುದರಿಂದ ಈ ಪರೀಕ್ಷೆಗೆ ಬೇರೆ ಹಾರಾಟ ಬೇಕಾಗದೆಯೂ ಇರಬಹುದು. ಎರಡಕ್ಕೂ ಬದಲಾಗದೆ ಸ್ಥಿರವಾಗಿದ್ದರೆ ಆಂಟೆನಾದ ದೂರ. ಆಂಟೆನಾದ ದೂರವನ್ನು ಟೇಪು ಹಿಡಿದು ಅಳೆಯುವುದು ಬೆಲೆಯಿಲ್ಲದ ಪರೀಕ್ಷೆ, ಆದ್ದರಿಂದ ಮೊದಲು ಅದನ್ನೇ ಮಾಡಿ. ಸಾಮಾನ್ಯವಾಗಿ ತಪ್ಪುವುದು ಅಂಕಿಯಲ್ಲ, ಮುಂದೆ-ಹಿಂದೆ ಎಂಬ ಚಿಹ್ನೆ.

ನಡುಗೆರೆಯಲ್ಲಿ ಎಲ್ಲ ಸರಿಯಿದ್ದು, ಒಂದು ಅಂಚು ಮುಂದಕ್ಕೂ ಇನ್ನೊಂದು ಹಿಂದಕ್ಕೂ ತಿರುಚಿದ್ದರೆ ಹೆಡಿಂಗ್ ತಪ್ಪಿದೆ. ಇದರಲ್ಲಿ ಒಂದು ಮೋಸವಿದೆ. ಒಂದೇ ಗೆರೆಯ ಮೇಲೆ ಹೋಗಿ ಬಂದ ಎರಡು ಪಟ್ಟಿಗಳನ್ನು ಹೋಲಿಸಿದರೆ ಈ ತಪ್ಪು ಕಾಣುವುದೇ ಇಲ್ಲ, ಏಕೆಂದರೆ ಎರಡೂ ನಕ್ಷೆಯ ಮೇಲೆ ಒಂದೇ ದಿಕ್ಕಿಗೆ ತಿರುಗಿರುತ್ತವೆ. ಪಕ್ಕಪಕ್ಕದ ಸಮಾನಾಂತರ ಪಟ್ಟಿಗಳ ಬೆಸುಗೆಯಲ್ಲಿ ಮಾತ್ರ ಅದು ಹೊರಬೀಳುತ್ತದೆ. ಬೋರ್‌ಸೈಟ್ ಹಾರಾಟಕ್ಕೆ ಹೋಗಿ ಬರುವ ಒಂದು ಗೆರೆಯ ಜೊತೆಗೆ ಪಕ್ಕದ ಗೆರೆಯೂ ಬೇಕು ಎನ್ನುವುದು ಇದಕ್ಕೇ.

ಆದರೆ ಹೆಡಿಂಗ್ ತಪ್ಪನ್ನು ಬೋರ್‌ಸೈಟಿನ ಮೇಲೆ ಹೊರಿಸುವ ಮೊದಲು ಇನ್ನೊಂದನ್ನು ನೋಡಬೇಕು. ಐಎಂಯು ಕೊಡುವುದು ನಿಜ ಉತ್ತರದಿಂದ ಅಳೆದ ಕೋನ. ಯುಟಿಎಂ ನಕ್ಷೆಯ ಉತ್ತರ ಬೇರೆ. 43ನೇ ವಲಯದ ನಡುರೇಖೆ 75 ಡಿಗ್ರಿಯಲ್ಲಿದೆ, ಅಲ್ಲಿಂದ ಪೂರ್ವಕ್ಕೆ ಹೋದಷ್ಟೂ ಎರಡು ಉತ್ತರಗಳ ನಡುವಿನ ಅಂತರ ಬೆಳೆಯುತ್ತದೆ. ದಾವಣಗೆರೆಯಲ್ಲಿ ಅದು ಸುಮಾರು 0.23 ಡಿಗ್ರಿ, ಚಿತ್ರದುರ್ಗದಲ್ಲಿ ಸುಮಾರು 0.34. ನಡುಗೆರೆಯಿಂದ 300 ಮೀಟರ್ ಆಚೆಗಿನ ಅಂಚಿನಲ್ಲಿ ಈ 0.34 ಡಿಗ್ರಿ ಸುಮಾರು 1.8 ಮೀಟರ್ ತಿರುಚು ತರುತ್ತದೆ. ನಿಮಗೆ ಸಿಕ್ಕ ಹೆಡಿಂಗ್ ತಪ್ಪು ಈ ಅಂಕಿಯ ಆಸುಪಾಸಿನಲ್ಲಿದ್ದರೆ ತಂತ್ರಾಂಶದಲ್ಲಿ ಈ ಅಂತರವನ್ನು ತಿದ್ದುವ ‘ಕನ್ವರ್ಜೆನ್ಸ್’ ಆಯ್ಕೆ ಮುಚ್ಚಿದೆ ಅಥವಾ ಎರಡು ಸಲ ಅನ್ವಯವಾಗಿದೆ. ಅದನ್ನು ಬೋರ್‌ಸೈಟ್ ಎಂದು ಬರೆದಿಟ್ಟರೆ ಚಿತ್ರದುರ್ಗದಲ್ಲಿ ಸರಿಹೋದದ್ದು ಹರಿಹರದಲ್ಲಿ ಮತ್ತೆ ತಪ್ಪುತ್ತದೆ.

ಲಕ್ಷಣ: ನಡುವೆ ಸರಿ, ಎರಡೂ ಅಂಚುಗಳಲ್ಲಿ ತಪ್ಪು, ಬಯಲಿನಲ್ಲಿ ಸರಿ, ಗುಡ್ಡದಲ್ಲಿ ತಪ್ಪು

ಹಾರಾಟದ ದಿಕ್ಕು ಯಾವುದೇ ಇರಲಿ, ನಡುಗೆರೆ ಸರಿಯಾಗಿ ಕೂತು, ಎರಡೂ ಅಂಚಿನ ವಸ್ತುಗಳು ಒಳಕ್ಕೆ ಎಳೆದುಕೊಂಡಂತೆ ಅಥವಾ ಹೊರಕ್ಕೆ ಚಾಚಿದಂತೆ ಕಂಡರೆ ಎತ್ತರದ ಲೆಕ್ಕ ತಪ್ಪಿದೆ. ನಮ್ಮ ಕಡೆ ಇದಕ್ಕೆ ಬಹುಪಾಲು ಒಂದೇ ಕಾರಣ. ಜಿಪಿಎಸ್ ಹೇಳುವುದು ಎಲಿಪ್ಸಾಯ್ಡಿನಿಂದ ಅಳೆದ ಎತ್ತರ. ಸಮುದ್ರ ಮಟ್ಟದ ಎತ್ತರವನ್ನು ಜಿಯಾಯ್ಡಿನಿಂದ (ಸಮುದ್ರ ಮಟ್ಟವನ್ನು ನೆಲದಡಿಗೂ ಮುಂದುವರಿಸಿದಂತಹ ಮೇಲ್ಮೈಯಿಂದ) ಅಳೆಯುತ್ತಾರೆ. ಈ ಭಾಗದಲ್ಲಿ ಜಿಯಾಯ್ಡು ಎಲಿಪ್ಸಾಯ್ಡಿಗಿಂತ 80ರಿಂದ 90 ಮೀಟರಿನಷ್ಟು ಕೆಳಗಿದೆ. ಆದ್ದರಿಂದ ಒಂದೇ ಬಂಡೆಯ ಎತ್ತರವನ್ನು ಜಿಪಿಎಸ್ ಅಷ್ಟು ಕಡಿಮೆ ತೋರಿಸುತ್ತದೆ.

ಗೊಂದಲ ಹೆಚ್ಚಿಸುವಂತೆ, ಉಚಿತವಾಗಿ ಸಿಗುವ ಡಿಇಎಂಗಳಲ್ಲಿಯೇ ಎರಡು ಜಾತಿಗಳಿವೆ. 2000ದ ಫೆಬ್ರವರಿಯ ಬಾಹ್ಯಾಕಾಶ ನೌಕೆಯ ಯಾನದಿಂದ ಬಂದ ಎಸ್‌ಆರ್‌ಟಿಎಂ, ಇಜಿಎಂ 96 ಎಂಬ ಜಿಯಾಯ್ಡಿನಿಂದ ಅಳೆದದ್ದು. ಇಸ್ರೊದ ಭುವನ್ ತಾಣದಲ್ಲಿ ಸಿಗುವ ಕಾರ್ಟೋಡೆಮ್ ಎಲಿಪ್ಸಾಯ್ಡಿನಿಂದ ಅಳೆದದ್ದು. ಎಲಿಪ್ಸಾಯ್ಡ್ ಎತ್ತರದ ಹಾರಾಟದ ಹಾದಿಯ ಜೊತೆ ಎಸ್‌ಆರ್‌ಟಿಎಂ ಕೊಟ್ಟರೆ, 1000 ಮೀಟರ್ ಮೇಲೆ ಹಾರಿದ ವಿಮಾನ ಸುಮಾರು 915 ಮೀಟರ್ ಮೇಲೆ ಹಾರಿತೆಂದು ತಂತ್ರಾಂಶ ನಂಬುತ್ತದೆ, ಪಟ್ಟಿ ಕಿರಿದಾಗುತ್ತದೆ, 300 ಮೀಟರ್ ಆಚೆಗಿನ ಅಂಚು ಸುಮಾರು 25 ಮೀಟರ್ ಒಳಕ್ಕೆ ಬರುತ್ತದೆ, ಬೆಸುಗೆಯಲ್ಲಿ ಅದೇ ಕಟ್ಟಡ ಎರಡು ಸಲ ಕಾಣುತ್ತದೆ. ಸಮುದ್ರ ಮಟ್ಟದ ಹಾದಿಗೆ ಕಾರ್ಟೋಡೆಮ್ ಕೊಟ್ಟರೆ ಇದರ ತಿರುಗುಮುರುಗು: ಪಟ್ಟಿ ಅಗಲವಾಗುತ್ತದೆ.

ಡಿಇಎಂ ಯಾವ ಜಾತಿಯದೆಂದು ತಿಳಿಯಲು ಕಾಸು ಖರ್ಚಿಲ್ಲದ ಪರೀಕ್ಷೆ ಇದೆ. ರೈಲು ನಿಲ್ದಾಣದ ಪ್ಲಾಟ್‌ಫಾರ್ಮಿನ ತುದಿಯಲ್ಲಿರುವ ಹಳದಿ ಫಲಕದ ಕೆಳಗಡೆ, ಊರಿನ ಹೆಸರಿಗಿಂತ ಸಣ್ಣ ಅಕ್ಷರದಲ್ಲಿ, ಸಮುದ್ರ ಮಟ್ಟದಿಂದ ಆ ನಿಲ್ದಾಣದ ಎತ್ತರವನ್ನು ಬರೆದಿರುತ್ತಾರೆ. ದಾವಣಗೆರೆ, ಚಿಕ್ಕಜಾಜೂರು, ಚಿತ್ರದುರ್ಗ ಯಾವುದಾದರೂ ಆಗಲಿ, ಆ ಅಂಕಿಯನ್ನು ಡಿಇಎಂನಲ್ಲಿ ಅದೇ ಜಾಗದ ಮೇಲೆ ಕ್ಲಿಕ್ ಮಾಡಿ ಬಂದ ಅಂಕಿಯೊಂದಿಗೆ ಹೋಲಿಸಿ. ಕೆಲವೇ ಮೀಟರ್ ವ್ಯತ್ಯಾಸವಿದ್ದರೆ ಅದು ಸಮುದ್ರ ಮಟ್ಟದ ಡಿಇಎಂ. ಎಂಬತ್ತು ಮೀಟರಿಗೂ ಮೇಲ್ಪಟ್ಟು ಕಡಿಮೆ ಬಂದರೆ ಎಲಿಪ್ಸಾಯ್ಡಿನದು. ಈ ಪರೀಕ್ಷೆಗೆ ಸೆಂಟಿಮೀಟರಿನ ನಿಖರತೆ ಬೇಕಾಗಿಲ್ಲ, ಎಂಬತ್ತು ಮೀಟರ್ ಅಡಗಿ ಕೂರುವ ಅಂತರವಲ್ಲ.

ಎತ್ತರದ ಮೂಲ ಸರಿಯಾದ ಮೇಲೂ ಚಿತ್ರದುರ್ಗದ ಕೋಟೆ ಗುಡ್ಡದಲ್ಲಿ ಗೋಡೆಗಳು ಗರಗಸದ ಹಲ್ಲಿನಂತೆ ಮುರಿದು ಕಾಣಬಹುದು. 30 ಮೀಟರಿಗೊಂದು ಎತ್ತರ ಇರುವ ಡಿಇಎಂಗೆ ಅಲ್ಲಿನ ಬಂಡೆಗಳು ಗೊತ್ತೇ ಇಲ್ಲ. ಅದು ಇಡೀ ಗುಡ್ಡವನ್ನು ನುಣ್ಣಗೆ ಸವರಿದೆ. 15 ಡಿಗ್ರಿ ಓರೆಯಿಂದ ಕಂಡ 20 ಮೀಟರ್ ಎತ್ತರದ ಬಂಡೆಯ ತಲೆ ಐದು ಮೀಟರಿಗಿಂತ ಹೆಚ್ಚು ಸರಿಯುವುದು ಲೆಕ್ಕಕ್ಕೆ ಸಹಜ. ಡಿಇಎಂನ ನೆರಳುಚಿತ್ರವನ್ನು ನಿಮ್ಮ ಚಿತ್ರದ ಮೇಲೆ ಹಾಕಿ, ಗುಡ್ಡದ ಏಣುಗಳು ಕೂಡುತ್ತವೆಯೇ ಎಂದು ನೋಡಿ. ಕೂಡದಿದ್ದರೆ ಡಿಇಎಂ ಪಕ್ಕಕ್ಕೆ ಸರಿದಿದೆ, ಅದನ್ನು ಸರಿಪಡಿಸಬಹುದು. ಏಣುಗಳು ಕೂಡಿಯೂ ಬಂಡೆಗಳು ಮಾತ್ರ ತಪ್ಪಿದ್ದರೆ ಉತ್ತಮ ಡಿಇಎಂ ತರದೆ ಗತಿಯಿಲ್ಲ. ಚನ್ನಗಿರಿಯ ಅಡಿಕೆ ತೋಟಗಳಲ್ಲಿ ಸಮಸ್ಯೆ ಬೇರೆ: ರೇಡಾರಿನಿಂದ ಬಂದ ಎಸ್‌ಆರ್‌ಟಿಎಂ ಅಲ್ಲಿ ಬರಿ ನೆಲದ ಎತ್ತರವನ್ನು ಕೊಡುವುದಿಲ್ಲ, ಮರದ ಎತ್ತರವನ್ನೂ ಭಾಗಶಃ ಸೇರಿಸಿರುತ್ತದೆ.

ಗುಡ್ಡಸಾಲುಗಳ ಗಾಳಿಯಂತ್ರಗಳು ಮಲಗಿದಂತೆ ಕಂಡರೆ ಅದು ದೋಷವೇ ಅಲ್ಲ. ಡಿಇಎಂನಲ್ಲಿ ಕಂಬಗಳಿಲ್ಲ, 1000 ಮೀಟರ್ ಹಾರಾಟದಲ್ಲಿ ನಡುಗೆರೆಯಿಂದ 300 ಮೀಟರ್ ದೂರ ಬೀಳುವ 80 ಮೀಟರ್ ಕಂಬದ ತುದಿ ಸುಮಾರು 24 ಮೀಟರ್ ಹೊರಕ್ಕೆ ವಾಲಲೇಬೇಕು. ಬುಡ ಸರಿಯಾದ ಜಾಗದಲ್ಲಿದ್ದರೆ ಸಾಕು.

ಲಕ್ಷಣ: ಕಪ್ಪು ಗೆರೆಗಳು, ಒಂದೇ ಪಿಕ್ಸೆಲ್ ಮತ್ತೆ ಮತ್ತೆ ಬಂದಿದೆ

ಕ್ಯಾಮೆರಾ ಓದಿದ್ದಕ್ಕಿಂತ ಸಣ್ಣ ಪಿಕ್ಸೆಲ್ ಕೇಳಿದ್ದೀರಿ. ಅಳತೆಯನ್ನು ಹಿಗ್ಗಿಸಿ. ವಿಮಾನ ಗಾಳಿಗೆ ಸಿಕ್ಕಿ ಮೂತಿ ಎತ್ತಿದ ಕಡೆ ಸಾಲುಗಳ ನಡುವೆ ನಿಜವಾಗಿಯೂ ನೆಲ ಬಿಟ್ಟುಹೋಗಿರುತ್ತದೆ, ಅದನ್ನು ಯಾವ ತಂತ್ರಾಂಶವೂ ಹುಟ್ಟಿಸಲಾರದು. 2015–16ರಲ್ಲಿ ಇಸ್ರೊದ ಬಿ-200 ವಿಮಾನದಲ್ಲಿ ನಾಸಾದ ಅವಿರಿಸ್-ಎನ್‌ಜಿ ಉಪಕರಣವನ್ನು ದೇಶದ ಹಲವೆಡೆ ಹಾರಿಸಿದಾಗ ಬಂದಂತಹ ದತ್ತಾಂಶದ ಜೊತೆ ಜಿಎಲ್‌ಟಿ ಎಂಬ ಕಡತ ಬರುತ್ತದೆ; ನಕ್ಷೆಯ ಪ್ರತಿ ಜಾಗಕ್ಕೆ ಕಚ್ಚಾ ಚಿತ್ರದ ಯಾವ ಪಿಕ್ಸೆಲ್ ಎಂದು ಅದು ಹೇಳುತ್ತದೆ. ಅದರಲ್ಲಿ ಋಣ ಚಿಹ್ನೆಯ ಅಂಕಿ ಇರುವ ಕಡೆ ಪಕ್ಕದ ಪಿಕ್ಸೆಲನ್ನು ಎರವಲು ತಂದು ತುಂಬಿದ್ದಾರೆ ಎಂದರ್ಥ. ನೂರಾರು ಬ್ಯಾಂಡಿನ (ಬೆಳಕಿನ ಬಣ್ಣದ ತುಣುಕಿನ) ಚಿತ್ರಗಳಿಗೆ, ಹತ್ತಿರದ ಒಂದೇ ಪಿಕ್ಸೆಲನ್ನು ಎತ್ತಿಕೊಳ್ಳುವ ‘ನಿಯರೆಸ್ಟ್ ನೇಬರ್’ ಕ್ರಮವನ್ನೇ ಬಳಸುವುದು ಒಳ್ಳೆಯದು. ಕ್ಯೂಬಿಕ್ ಕ್ರಮ ನೋಡಲು ಚೆನ್ನ, ಆದರೆ ಜೋಳದ ವರ್ಣಪಟಲಕ್ಕೆ ಪಕ್ಕದ ಕೆಂಪುಮಣ್ಣನ್ನು ಬೆರೆಸುತ್ತದೆ.

ಲಕ್ಷಣ: ಡ್ರೋನ್ ಚಿತ್ರಗಳ ಜೋಡಣೆ ನಡುವೆ ಉಬ್ಬಿದೆ, ತೋಟದಲ್ಲಿ ತೂತು ಬಿದ್ದಿದೆ

ಸಪಾಟಾದ ಗದ್ದೆಬಯಲು ನಡುವೆ ಉಬ್ಬಿಯೋ ತಗ್ಗಿಯೋ ಬಂದರೆ ತಂತ್ರಾಂಶ ಮಸೂರದ ವಕ್ರತೆಯನ್ನು ತಾನೇ ಊಹಿಸಿ ತಪ್ಪಿದೆ. ಒಂದೇ ಎತ್ತರದಲ್ಲಿ, ಸಮಾನಾಂತರವಾಗಿ, ನೇರ ಕೆಳಕ್ಕೆ ನೋಡುವ ಚಿತ್ರಗಳಷ್ಟೇ ಇದ್ದಾಗ ಅದಕ್ಕೆ ಬೇರೆ ಆಧಾರ ಸಿಗುವುದಿಲ್ಲ. ನೆಲದ ಬಿಂದುಗಳನ್ನು ಅಂಚಿನಲ್ಲೂ ನಡುವೆಯೂ ಕೊಡಿ. ಮತ್ತೆ ಹಾರುವುದಾದರೆ ಅಡ್ಡ ಪಟ್ಟಿಗಳನ್ನೂ ಕೆಲವು ಓರೆ ಚಿತ್ರಗಳನ್ನೂ ಸೇರಿಸಿ.

ವಾಣಿವಿಲಾಸ ಸಾಗರದ ನೀರಿನ ಮೇಲೆ ತೂತು ಬಿದ್ದರೆ ಸರಿಪಡಿಸಲು ಹೋಗಬೇಡಿ, ಅಲ್ಲಿ ಜೋಡಿಸಲು ಸಿಗುವ ಗುರುತೇ ಇಲ್ಲ. ಅಡಿಕೆ ತೋಟದಲ್ಲಿ ಚಿತ್ರಗಳು ಒಂದರ ಮೇಲೊಂದು ಬರುವ ಭಾಗವನ್ನು ಹೆಚ್ಚಿಸಿ, ಸ್ವಲ್ಪ ಮೇಲೆ ಹಾರಿ, ಗಾಳಿ ಇಲ್ಲದ ಹೊತ್ತನ್ನು ಆರಿಸಬೇಕು. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಂತಹ ಗ್ರಾಮಠಾಣಾ ಅಳತೆಯ ಕೆಲಸಕ್ಕೆ ಚಿತ್ರ ಹೋಗುವುದಾದರೆ, ಬಿಂದು ಕೊಟ್ಟು ಎಳೆದ ಚಿತ್ರದ ಮೇಲೆ ಮನೆಯ ಗಡಿ ಗುರುತಿಸಬಾರದು. ಅಲ್ಲಿ ಅರ್ಧ ಮೀಟರಿನ ತಪ್ಪು ಎರಡು ಮನೆಗಳ ನಡುವಿನ ಜಗಳ.

ಮತ್ತೆ ಹಾರುವ ಮೊದಲು ಎಚ್ಚರಿಕೆ

ಮೇಲಿನ ಪರೀಕ್ಷೆಗಳಲ್ಲಿ ಕೆಲವಕ್ಕೆ ಮಾತ್ರ ಹೊಸ ಹಾರಾಟ ಬೇಕು. ಬೇಕಾದರೆ, 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು (ಮುಂಚಿತ ಅನುಮತಿ ಬೇಡದ) ವಲಯದಲ್ಲೂ 120 ಮೀಟರ್ ಎಂಬ ಮಿತಿ ಇದೆ ಎಂಬುದನ್ನು ಮರೆಯಬಾರದು. ಚಳ್ಳಕೆರೆ ಬಳಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವಿರುವುದರಿಂದ ಆ ಕಡೆ ಹಾರುವವರು ವಾಯುಪ್ರದೇಶದ ನಕ್ಷೆಯನ್ನು ಹಾರುವ ದಿನವೇ ನೋಡಬೇಕು, ಹೋದ ತಿಂಗಳು ನೋಡಿದ್ದು ಸಾಲದು. ಕೋಟೆ ಸಂರಕ್ಷಿತ ಸ್ಮಾರಕ. ಅನುಮತಿ ಕೈಯಲ್ಲಿಲ್ಲದೆ ಅಲ್ಲಿ ಡ್ರೋನ್ ಎತ್ತಬಾರದು. ಗಾಳಿಯಂತ್ರಗಳ ಹಿಂಬದಿಯಲ್ಲಿ ಗಾಳಿ ಸುಳಿಯಾಗುತ್ತದೆ, ಹತ್ತಿರ ಹೋಗಬೇಡಿ. ಏಪ್ರಿಲ್-ಮೇ ಬಿಸಿಲಿನಲ್ಲಿ ಕಾರಿನೊಳಗೆ ಬಿಟ್ಟು ಉಬ್ಬಿದ ಬ್ಯಾಟರಿಯನ್ನು ಇನ್ನೊಂದು ಹಾರಾಟಕ್ಕೆಂದು ಉಳಿಸಬೇಡಿ.

ಎಲ್ಲಿಗೆ ನಿಲ್ಲಿಸಿ ತಜ್ಞರಿಗೆ ಒಪ್ಪಿಸಬೇಕು

ಬೋರ್‌ಸೈಟ್ ತಪ್ಪು ಒಂದೇ ದಿನದ ಎರಡು ಪಟ್ಟಿಗಳಲ್ಲಿ ಬೇರೆ ಬೇರೆ ಬಂದರೆ ನಿಲ್ಲಿಸಿ. ಬೋರ್‌ಸೈಟ್ ಎನ್ನುವುದು ಬದಲಾಗಬಾರದ ಕೋನ. ಬದಲಾಗುತ್ತಿದ್ದರೆ ಎಲ್ಲೋ ಸ್ಕ್ರೂ ಸಡಿಲವಾಗಿದೆ ಅಥವಾ ಐಎಂಯು ಹಾದಿ ತಪ್ಪುತ್ತಿದೆ, ಅದನ್ನು ಕುರ್ಚಿಯಲ್ಲಿ ಕೂತು ಸರಿಪಡಿಸಲಾಗದು. ಐಎಂಯು ದಾಖಲೆಯಲ್ಲಿ ಸಮಯದ ಬಿರುಕುಗಳಿದ್ದರೆ, ಕ್ಯಾಮೆರಾ ಬಿದ್ದಿದ್ದರೆ, ಮಸೂರ ಬಿಚ್ಚಿ ಹಾಕಿದ್ದರೆ, ಆಗಲೂ ಅಷ್ಟೇ. ಐಎಂಯು ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ತೆರೆಯಬಾರದು. ಮುಚ್ಚಳ ತೆಗೆದು ಹಾಕಿದ ಮೇಲೆ ಹಳೆಯ ಕ್ಯಾಲಿಬ್ರೇಷನ್ ಕಡತವನ್ನು ನಂಬಲು ಬರುವುದಿಲ್ಲ.

ಕಳಿಸುವಾಗ ತಿದ್ದಿದ ಚಿತ್ರವನ್ನಷ್ಟೇ ಕಳಿಸಿದರೆ ಅವರಿಗೂ ಏನೂ ತಿಳಿಯದು. ಕಚ್ಚಾ ದಾಖಲೆ, ತಂತ್ರಾಂಶದ ಲಾಗ್ ಕಡತ, ಬಾಣ ಹಾಕಿದ ಆ ಕಾಗದದ ಫೋಟೋ, ಕ್ಯಾಮೆರಾ-ಐಎಂಯು ಬಿಗಿದ ಫಲಕದ ಮೇಲೆ ಟೇಪು ಹಿಡಿದು ತೆಗೆದ ಫೋಟೋ ಇಷ್ಟನ್ನೂ ಸೇರಿಸಿ. ಹೊಸ ಬೋರ್‌ಸೈಟ್ ಅಂಕಿಗಳು ಬಂದ ಮೇಲೆ ಅವು ಯಾವ ದಿನಾಂಕದ ಹಾರಾಟದಿಂದ ಅನ್ವಯಿಸುತ್ತವೆ ಎಂದು ಕಡತದ ಹೆಸರಿನಲ್ಲೇ ಬರೆದಿಡಿ. ಅದಕ್ಕೆ ಮೊದಲಿನ ಹಾರಾಟಗಳಿಗೆ ಹಳೆಯ ಅಂಕಿಗಳೇ ಬೇಕಾಗುತ್ತವೆ, ಅವನ್ನು ಅಳಿಸಬೇಡಿ.